ಕೆಲಸ ಬಿಟ್ಟ ಮೇಲೆ ಕಾಣುವ ಸಾವ್ಕಾರ

ಆಳಂದ ಸೀಮೆಯ ಹಳ್ಳಿಗಳಲ್ಲಿ ಯುಗಾದಿಗೆ ಬೇವು ಬೆಲ್ಲದ ಜೊತೆ ಇನ್ನೊಂದು ಕೆಲಸವೂ ಇರುತ್ತಿತ್ತು. ಒಕ್ಕಲುತನದ ಮನೆಗಳಲ್ಲಿ ವರ್ಷದ ಲೆಕ್ಕಕ್ಕೆ ದುಡಿಯುವ ಆಳುಮಗನ ಕರಾರು ಅವತ್ತಿಗೆ ಮುಗಿಯುತ್ತಿತ್ತು. ಯುಗಾದಿಯಿಂದ ಯುಗಾದಿಗೆ ಇಷ್ಟು ರೊಕ್ಕ, ಇಷ್ಟು ಚೀಲ ಜೋಳ, ಒಂದು ಜೊತೆ ಧೋತರ, ಒಂದು ಕಂಬಳಿ, ಕಾಲಿಗೆ ಕೆರ ಎಂದು ಮಾತಾಗಿರುತ್ತಿತ್ತು. ಹೊಂದಿಕೊಂಡರೆ ಅದೇ ಮನೆಯಲ್ಲಿ ಇನ್ನೊಂದು ವರ್ಷ, ಇಲ್ಲದಿದ್ದರೆ ಬೇರೆ ಮನೆ. ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಹಬ್ಬದ ಹಿಂದುಮುಂದಿನ ಆ ದಿನಗಳಲ್ಲಿ ಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತು ಕೇಳಬೇಕು.

"ಆ ಮನ್ಯಾಗ ರೊಟ್ಟಿ ಎಣಿಸಿ ಹಾಕ್ತಾರ."

"ಇವ್ರ ಮನ್ಯಾಗ ಉಣ್ಲಾಕ ಕಮ್ಮಿ ಇಲ್ಲ. ಖರೆ ರಾತ್ರಿ ಎದ್ದು ಎತ್ತಿಗಿ ಮೇವು ಹಾಕೋದೂ ನೀನೇ."

"ಗೌಡ ಬಾಯಿಗಿ ಬಂದಂಗ ಬೈತಾನ. ಆದ್ರ ಹೋದ ವರ್ಷ ನನ್ನ ಮಗಗ ಜಡ್ಡಾದಾಗ ಗಾಡಿ ಕಟ್ಟಿಸಿ ಆಳಂದಕ್ಕ ಕಳಿಸ್ದ."

ಹಿಂಗೆ ನಾಲ್ಕು ಮಾತಿನಲ್ಲಿ ಊರಿನ ಪ್ರತಿ ದೊಡ್ಡ ಮನೆಯ ಬಂಡವಾಳ ಬಯಲಿಗೆ ಬರುತ್ತಿತ್ತು. ಸಾವ್ಕಾರರಿಗೂ ಇದು ಗೊತ್ತಿತ್ತು. ಆಳು ನಿಲ್ಲದ ಮನೆ ಎಂಬ ಹೆಸರು ಬಂದರೆ ಮಳೆ ಬಿದ್ದ ಮೇಲೆ ಕೂರಿಗೆ ಹಿಡಿಯುವವರು ಸಿಗುವುದಿಲ್ಲ ಎಂಬ ಅಂಜಿಕೆಗೆ ಎಷ್ಟೋ ಮನೆಗಳಲ್ಲಿ ರೊಟ್ಟಿ ಎಣಿಸುವುದು ನಿಂತದ್ದುಂಟು.

ರೊಟ್ಟಿ ಎಣಿಸುತ್ತಾರೆ ಎಂದ ಅದೇ ಆಳುಮಗನನ್ನು ಆ ಮನೆಯಲ್ಲಿದ್ದಾಗ ದೀಪಾವಳಿಗೆ ಕೇಳಿದ್ದರೆ "ಛಲೋ ಅದ ರೀ" ಎಂದಿರುತ್ತಿದ್ದ. ಸಾವ್ಕಾರನ ಅಂಜಿಕೆಯೂ ಅದರಲ್ಲಿ ಇದ್ದೀತು. ಆದರೆ ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ರೊಟ್ಟಿ ಎಣಿಸಿಯೇ ಹಾಕುವುದು ಲೋಕರೂಢಿ ಎಂದೇ ಅವನು ತಿಳಿದಿದ್ದ. ಬುಟ್ಟಿಯನ್ನೇ ಮುಂದಿಡುವ ಮನೆಯಲ್ಲಿ ನಾಲ್ಕು ತಿಂಗಳು ಉಂಡ ಮೇಲೆ ಹಿಂದಿನ ಮನೆಯ ಅಡುಗೆಮನೆ ಅವನ ಕಣ್ಣಿಗೆ ಬಿತ್ತು. ಕೆಲಸದ ಜಾಗದ ಸಂಸ್ಕೃತಿ ಎಂದು ಇವತ್ತು ದೊಡ್ಡ ಕಂಪನಿಗಳು ಪುಸ್ತಕ ಬರೆಸಿ ಹಂಚುತ್ತವಲ್ಲ, ಅದರ ನಿಜವಾದ ಅಳತೆ ನಡೆಯುತ್ತಿದ್ದುದು ಈ ಕಟ್ಟೆಯ ಮೇಲೆ, ಬಿಟ್ಟು ಬಂದವರ ಬಾಯಲ್ಲಿ.

ಇಷ್ಟು ಹೇಳಿ ಹಳೆಯ ಕಾಲವೇ ಚೆಂದವಿತ್ತು ಎಂದು ಕೈ ತೊಳೆದುಕೊಂಡರೆ ಅದು ಮೋಸ. ಮನೆ ಬದಲಿಸುವ ಭಾಗ್ಯ ಇದ್ದದ್ದು ಸಾಲ ಇಲ್ಲದವನಿಗೆ. ಮಗಳ ಮದುವೆಗೆಂದು ಸಾವ್ಕಾರನ ಕಡೆ ರೊಕ್ಕ ತಂದವನಿಗೆ ಯುಗಾದಿ ಬಂದರೂ ಒಂದೇ, ಹೋದರೂ ಒಂದೇ. ಬಡ್ಡಿ ಬೆಳೆದು ಅಸಲಿಗೆ ಕೂಡುತ್ತಿತ್ತು, ಅಪ್ಪನ ಜಾಗಕ್ಕೆ ಮಗ ಬರುತ್ತಿದ್ದ. ಬೇರೆ ಮನೆಗೆ ಹೋಗಬೇಕೆಂದರೆ ಹೊಸ ಸಾವ್ಕಾರ ಹಳೆ ಸಾಲ ಚುಕ್ತಾ ಮಾಡಬೇಕು. ಆಗ ಆಳು ಇವನ ಕೈಯಿಂದ ಅವನ ಕೈಗೆ ಹೋದ, ಅಷ್ಟೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂದು, 1976ರಲ್ಲಿ ಅದು ಜೀತ ಪದ್ಧತಿ ರದ್ದತಿ ಕಾಯ್ದೆಯಾಯಿತು. ಆ ಕಾಯ್ದೆ ಜೀತದ ಸಾಲವನ್ನೇ ಇಲ್ಲವಾಗಿಸಿತು. ಅಂದರೆ ಕಟ್ಟೆಗೆ ಬಂದು ಮಾತಾಡುವ ಹಕ್ಕು ಕಾಗದದ ಮೇಲಾದರೂ ಎಲ್ಲರಿಗೂ ಸಿಕ್ಕಿತು. ಬಿಡಲಾರದವನಿಗೆ ತನ್ನ ಕೆಲಸದ ಬಗ್ಗೆ ಅಭಿಪ್ರಾಯ ಇರುವುದೂ ಕಷ್ಟ. ಇದ್ದರೆ ಬದುಕುವುದು ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ಮನಸ್ಸು ತಾನೇ ಕಣ್ಣು ಮುಚ್ಚಿಕೊಳ್ಳುತ್ತದೆ. ಮನೆ ಸಾಲದ ಕಂತು, ಬೈಕಿನ ಕಂತು, ತಂಗಿಯ ಮದುವೆಯ ಕೈಸಾಲ ತಲೆ ಮೇಲಿರುವ ಇವತ್ತಿನ ಹುಡುಗ "ಆಫೀಸು ಛಲೋ ಅದ" ಎಂದಾಗ ನನಗೆ ಆ ದೀಪಾವಳಿಯ ಉತ್ತರವೇ ಕೇಳಿಸುತ್ತದೆ.

ನಾನು ಮೊದಲು ಲೆಕ್ಕ ಬರೆದದ್ದು ಕಲಬುರಗಿಯ ನೆಹರು ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ. ಮುನೀಮರ ಕೈಕೆಳಗಿನ ಕೆಲಸ. ತೊಗರಿ ರಾಶಿಯ ಕಾಲಕ್ಕೆ ಆಳಂದ, ಜೇವರ್ಗಿ, ಅಫಜಲಪುರದ ಗಾಡಿಗಳು ನಸುಕಿನಿಂದಲೇ ಬಂದು ನಿಲ್ಲುತ್ತಿದ್ದವು. ತೂಕ, ಹಮಾಲಿ, ಅಡತ, ಪಟ್ಟಿ ಎಲ್ಲ ಮುಗಿದು ಖಾತೆ ಕಟ್ಟುವಷ್ಟರಲ್ಲಿ ಸಂಜೆ ಏಳು. ಕೆಲಸ ಮುಗಿಯಿತು. ಆದರೆ ಸಾವ್ಕಾರರು ಗಾದಿಯಿಂದ ಏಳುವ ತನಕ ಯಾರೂ ಏಳುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿಯೂ ಇರಲಿಲ್ಲ. ಸಾವ್ಕಾರರು ಬಂಧುಗಳೊಡನೆ ಹರಟುತ್ತಾ ಕೂಡುತ್ತಿದ್ದರು. ಮುನೀಮರು ಕಟ್ಟಿದ ಖಾತೆಯನ್ನು ಮತ್ತೆ ಬಿಚ್ಚಿ, ಆಗಲೇ ಕೂಡಿಸಿದ ಮೊತ್ತದ ಮೇಲೆ ಒಣ ಪೆನ್ನು ಆಡಿಸುತ್ತಿದ್ದರು. ನಾನೂ ಹಂಗೇ ಮಾಡುತ್ತಿದ್ದೆ. ಅದು ಮರ್ಯಾದೆ ಎಂದೇ ನನ್ನ ತಿಳಿವಳಿಕೆ.

ಆಮೇಲೆ ಪುಣೆಯ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಹೋದೆ. ಗಾದಿ ಇಲ್ಲ, ಗಾಜಿನ ಕ್ಯಾಬಿನ್ ಇತ್ತು. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕೆಂಬ ನಿಯಮ. "ನಾವೆಲ್ಲ ಒಂದೇ ಕುಟುಂಬ" ಎಂದು ಬರೆದ ಬಟ್ಟಲಲ್ಲಿ ಚಹಾ. ಇದು ಬೇರೆಯೇ ಲೋಕ ಎಂದು ಹಿಗ್ಗಿದ್ದೆ. ಆದರೆ ಸಂಜೆ ಕ್ಯಾಬಿನ್ನಿನ ದೀಪ ಆರುವವರೆಗೆ ಒಬ್ಬರೂ ಲ್ಯಾಪ್‌ಟಾಪ್ ಮುಚ್ಚುತ್ತಿರಲಿಲ್ಲ. ಪಕ್ಕದವನು ಎಕ್ಸೆಲ್ ಹಾಳೆಯ ಗೆರೆಗಳಿಗೆ ಬಣ್ಣ ಬದಲಿಸುತ್ತಾ ಕೂಡುತ್ತಿದ್ದ. ಮುನೀಮರ ಒಣ ಪೆನ್ನು ಏನು ಮಾಡುತ್ತಿತ್ತು ಎಂಬುದು ನನಗೆ ಹೊಳೆದದ್ದು ಅಲ್ಲಿ. ಪುಣೆಯದು ಪೂರ್ತಿ ಕಂಡದ್ದು ಅದನ್ನೂ ಬಿಟ್ಟ ಮೇಲೆ. ಒಂದು ಜಾಗದ ರೂಢಿ ಕಾಣಬೇಕಾದರೆ ಇನ್ನೊಂದರಲ್ಲಿ ಕೂತು ನೋಡಬೇಕೇನೋ.

ಬಿಟ್ಟ ಮೇಲೆ ಕೆಟ್ಟದ್ದೇ ಕಾಣುತ್ತದೆ ಎಂದೇನಿಲ್ಲ. ಗಂಜ್‌ನ ಆ ಅಂಗಡಿಯಲ್ಲಿ ಮಧ್ಯಾಹ್ನದ ಚಹಾ ಒಂದೇ ಕಿಟಲಿಯಿಂದ ಬರುತ್ತಿತ್ತು. ಸಾವ್ಕಾರರಿಗೆ, ರೈತರಿಗೆ, ಮುನೀಮರಿಗೆ, ಬೆನ್ನ ಮೇಲಿನ ಚೀಲ ಆಗಷ್ಟೇ ಇಳಿಸಿದ ಹಮಾಲರಿಗೆ ಅದೇ ಚಹಾ, ಅದೇ ಕಪ್ಪು. ಇದು ಹೇಳಿಕೊಳ್ಳುವ ಸಂಗತಿ ಎಂದು ನನಗೆ ಅಲ್ಲಿದ್ದಾಗ ಅನಿಸಿರಲಿಲ್ಲ. ಹೆಸರು ಹಿಡಿದು ಕರೆಯುವ ಪುಣೆಯ ಕಂಪನಿಯಲ್ಲಿ ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೆ ಕ್ಯಾಂಟೀನಿನ ಬಾಗಿಲೇ ಬೇರೆ ಇತ್ತು.

ಈಗ ಕಂಪನಿಗಳಲ್ಲಿ ಬಿಟ್ಟು ಹೋಗುವವರನ್ನು ಕರೆದು ಕೂರಿಸಿ "ಯಾಕೆ ಬಿಡ್ತಿದ್ದೀರಿ, ನಮ್ಮಲ್ಲಿ ಏನು ಸುಧಾರಿಸಬೇಕು" ಎಂದು ಕೇಳುವ ಪದ್ಧತಿ ಇದೆ. ಎಕ್ಸಿಟ್ ಇಂಟರ್‌ವ್ಯೂ ಎನ್ನುತ್ತಾರೆ. ಅಲ್ಲಿ ಖರೆ ಹೇಳಿದವರನ್ನು ನಾನಂತೂ ಕಂಡಿಲ್ಲ. ರಿಲೀವಿಂಗ್ ಲೆಟರ್ ಇನ್ನೂ ಕಂಪನಿಯವರ ಕೈಯಲ್ಲಿರುತ್ತದೆ. ಮುಂದಿನ ಕಂಪನಿಯವರು ವಿಚಾರಿಸಲು ಫೋನ್ ಮಾಡುವುದೂ ಅವರಿಗೇ. "ವೈಯಕ್ತಿಕ ಕಾರಣ, ಬಹಳ ಕಲಿತೆ, ಧನ್ಯವಾದ" ಎಂದು ಹೇಳಿ ಎದ್ದು ಬರುತ್ತಾರೆ. ಕಟ್ಟೆಯಲ್ಲಿ ಆಳುಮಗ ಮಾತಾಡುತ್ತಿದ್ದದ್ದು ಸಾವ್ಕಾರನ ಎದುರಿಗಲ್ಲ, ಮುಂದೆ ಆ ಮನೆಗೆ ಹೋಗಬಹುದಾದ ಇನ್ನೊಬ್ಬ ಆಳಿನ ಎದುರಿಗೆ. ಕಂಪನಿ ಆ ಮಾತನ್ನು ಕಟ್ಟೆಯಿಂದ ಎತ್ತಿ ಒಳಗಿನ ಕೋಣೆಗೆ ಒಯ್ದು ಬೀಗ ಹಾಕಿದೆ.

ನಮ್ಮ ಭಾಗದ ಇನ್ನೊಂದು ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪಿಯುಸಿಯೋ ಪದವಿಯೋ ಮುಗಿಸಿದ, ಕೈಯಲ್ಲೊಂದು ಬೈಕು ಇರುವ ಹಳ್ಳಿ ಹುಡುಗನಿಗೆ ಇಲ್ಲಿ ಬೇಗ ಸಿಗುವ ನೌಕರಿ ಎಂದರೆ ಮೈಕ್ರೋ ಫೈನಾನ್ಸ್ ಸಂಸ್ಥೆಯ ಫೀಲ್ಡ್ ಕೆಲಸ. ಅಂಥ ಕೆಲಸವನ್ನು ಒಂದಷ್ಟು ಕಾಲ ಮಾಡಿ ಬಿಟ್ಟ ಆಳಂದ ಕಡೆಯ ಒಬ್ಬ ಹುಡುಗ ಸಿಕ್ಕಿದ್ದ. ಸ್ವಂತ ಊರಿನ ಕಡೆ ಹಾಕುವುದಿಲ್ಲ, ದೂರದ ಶಾಖೆಗೆ ಕಳಿಸುತ್ತಾರೆ, ಶಾಖೆಯ ಮೇಲಿನ ಕೋಣೆಯಲ್ಲೇ ನಾಲ್ಕಾರು ಮಂದಿ ಮಲಗುವುದು. ಬೆಳಿಗ್ಗೆ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಗುಂಪು ಸೇರಿಸಿ ಕಂತು ಎತ್ತುವುದು, ಮಧ್ಯಾಹ್ನ ಹೊಸ ಸಾಲದ ಕಾಗದ, ಸಂಜೆ ಲೆಕ್ಕ ಒಪ್ಪಿಸುವುದು. ಕಂತು ಬಾಕಿ ಉಳಿದರೆ ಅದಕ್ಕೆ ಓಡಿ ಎನ್ನುತ್ತಾರೆ. ಯಾರ ಓಡಿ ಎಷ್ಟು ಎಂಬ ಪಟ್ಟಿ ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ, ಹಿಂದುಳಿದವನ ಹೆಸರು ಕೆಂಪಕ್ಷರದಲ್ಲಿ. "ಮನಿ ಮುಂದ ಕೂಡು, ರೊಕ್ಕ ಬರೋ ತನಕ ಎದ್ದು ಬರಬ್ಯಾಡ" ಎಂದು ಮೇಲಿನವರ ಫೋನು.

"ಅಲ್ಲಿ ಇದ್ದಾಗ ಹೆಣ್ಮಕ್ಕಳು ಅತ್ರ ನನಗ ನಾಟಕ ಅನಸ್ತಿತ್ತು ರೀ," ಎಂದ ಅವನು. "ನಮ್ಮ ಶಾಖೆದಾಗ ಎಲ್ಲರೂ ಹಂಗೇ ಅಂತಿದ್ರು. ಯಾರ ಮನ್ಯಾಗ ಎಷ್ಟು ಹೊತ್ತು ಕುಂತು ವಸೂಲಿ ಮಾಡಿದ್ವಿ ಅಂತ ರಾತ್ರಿ ಉಣ್ಣೋವಾಗ ಹೇಳಿಕೋತಿದ್ವಿ. ನಗತಿದ್ವಿ." ಅವನ ತಾಯಿಯೂ ಊರಿನಲ್ಲಿ ಬೇರೊಂದು ಸಂಸ್ಥೆಯ ಗುಂಪಿನ ಸದಸ್ಯೆ. ಇದು ಅವನಿಗೆ ಮೊದಲೇ ಗೊತ್ತಿತ್ತು. ಕೆಲಸ ಬಿಟ್ಟು ಮನೆಗೆ ಬಂದು ಕೂತಿದ್ದಾಗ ಒಂದು ಬೆಳಿಗ್ಗೆ ಅವನಂಥದೇ ಒಬ್ಬ ಹುಡುಗ, ಅವನದೇ ಮಾತಿನಲ್ಲಿ, ಅವರ ಅಂಗಳದಲ್ಲಿ ನಿಂತು ತಾಯಿಯನ್ನು ಕೇಳುತ್ತಿದ್ದ. "ನಾ ಒಳಗ ಮಂಚದ ಮ್ಯಾಲ ಇದ್ದೆ. ಹೊರಗ ಬರ್ಲಿಲ್ಲ" ಎಂದನಷ್ಟೆ. ಅವನು ಯಾರ ಮೇಲೂ ಸಿಟ್ಟಾಗಲಿಲ್ಲ, ಹಳೆಯ ಮ್ಯಾನೇಜರನ ಮೇಲೂ.

ಮೈಕ್ರೋ ಫೈನಾನ್ಸ್ ಸಾಲ ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲೇ ಹೇಳಿದೆ. ಕುಟುಂಬದ ತಿಂಗಳ ವರಮಾನದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುವಂತೆ ಸಾಲ ಹೇರಬಾರದು ಎಂದೂ ಇದೆ. ಹಾಗಿದ್ದೂ ರಾಜ್ಯದ ಹಳ್ಳಿಗಳಲ್ಲಿ ಕಿರುಕುಳ, ಊರು ಬಿಡುವುದು, ಆತ್ಮಹತ್ಯೆ ಸುದ್ದಿಯಾದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ, ಫೆಬ್ರುವರಿ 12ರಂದು ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಿದ್ದ ಕಾನೂನೇ. ಆದರೆ ಪೊಲೀಸರ ಕೈಗೆ ಸುಲಭಕ್ಕೆ ಸಿಗುವವನು ಅಂಗಳದಲ್ಲಿ ನಿಂತ ಹುಡುಗ. ಕೆಂಪಕ್ಷರದ ಪಟ್ಟಿ ಕಳಿಸಿದವನು ಯಾವ ಅಂಗಳದಲ್ಲೂ ನಿಂತಿರುವುದಿಲ್ಲ. ಆ ಪಟ್ಟಿಯ ವಿಷಯ ಗೊತ್ತಿರುವವರು ಒಳಗಿದ್ದವರು, ಬಾಯಿ ಬಿಡಬಲ್ಲವರು ಬಿಟ್ಟು ಬಂದವರು. ಅವರನ್ನು ಯಾರೂ ಕೇಳುತ್ತಿಲ್ಲ.

ಬಿಟ್ಟವರ ಮಾತೆಲ್ಲ ಬಂಗಾರ ಎಂದೂ ನಾನು ಹೇಳಲಾರೆ. ಕೆಲವರಿಗೆ ಬಿಟ್ಟ ಮೇಲೆ ಎಲ್ಲವೂ ನರಕವಾಗಿ ಕಾಣುತ್ತದೆ, ತಾವು ಮಾಡಿದ ತಪ್ಪು ಮಾತ್ರ ಕಾಣುವುದಿಲ್ಲ. ಇನ್ನು ಕೆಲವರಿಗೆ ಎಲ್ಲವೂ ಸಿಹಿ. ಕಲಬುರಗಿಯ ಎಂ.ಎಸ್.ಕೆ. ಮಿಲ್ ನೋಡಿ. ನಿಜಾಮರ ಕಾಲಕ್ಕೆ, 19ನೇ ಶತಮಾನದ ಕೊನೆಯಲ್ಲಿ ಎದ್ದ ಬಟ್ಟೆ ಗಿರಣಿ ಅದು. ಮುಚ್ಚಿ ದಶಕಗಳಾದರೂ ಬಡಾವಣೆಗೆ ಆ ಹೆಸರು ಉಳಿದಿದೆ. ಅಲ್ಲಿ ದುಡಿದ ಹಿರಿಯರನ್ನು ಕೇಳಿದರೆ ಗಿರಣಿಯ ಭೋಂಗಾ, ಪಾಳಿ ಬಿಟ್ಟಾಗಿನ ಸೈಕಲ್ಲುಗಳ ಸಾಲು, ದಸರಾದ ಬೋನಸ್ಸು ಎಂದು ಕಣ್ಣರಳಿಸುತ್ತಾರೆ. ಹತ್ತಿಯ ಧೂಳು ಕುಡಿದ ಎದೆಯ ಮಾತು ಎರಡನೆಯ ಚಹಾಕ್ಕೆ ಬರುತ್ತದೆ, ಅದೂ ಮಗ್ಗುಲಲ್ಲಿ ಕೂತ ಹೆಂಡತಿ ನೆನಪು ಮಾಡಿದರೆ. ಹೊಟ್ಟೆಗೆ ಹಾಕಿದ ಗಿರಣಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ಅದೂ ಸಹಜವೇ.

ನಡುವಿನ ದಾರಿಯಲ್ಲಿ ನಡೆದವರು ಅಪರೂಪ. ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬೈ ಸರ್ಕಾರದ ನೌಕರಿ ಬಿಟ್ಟರು. ಅಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ ಬ್ರಿಟಿಷರಿಗೇ ಕಟ್ಟಿಟ್ಟದ್ದು ಎಂಬುದು ಅವರಿಗೆ ತಿಳಿದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮ ಸರ್ಕಾರ ಅವರನ್ನು ಕರೆಸಿತು. ನಮ್ಮ ಆಳಂದವೂ ಆಗ ಆ ಸಂಸ್ಥಾನದ್ದೇ. ಮುಂದೆ ಮೈಸೂರಿನ ದಿವಾನಗಿರಿಯನ್ನೂ 1918ರಲ್ಲಿ ಬಿಟ್ಟರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವ ವಿಚಾರದಲ್ಲಿ ಮಹಾರಾಜರ ದಾರಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ವಿಚಾರದಲ್ಲಿ ಮಹಾರಾಜರದೇ ಸರಿ ಎಂಬುದು ನನ್ನ ತೀರ್ಪು, ಇರಲಿ. ತಮ್ಮ ದುಡಿಮೆಯ ನೆನಪುಗಳನ್ನು ಅವರು ಪುಸ್ತಕವಾಗಿ ತಂದದ್ದು 1951ರಲ್ಲಿ, ಸುಮಾರು 90ರ ವಯಸ್ಸಿನಲ್ಲಿ. ಮಾಸ್ತಿಯವರೂ ಕಿರಿಯರೊಬ್ಬರನ್ನು ತಮ್ಮ ಮೇಲೆ ಏರಿಸಿದಾಗ ನಲವತ್ತರ ದಶಕದಲ್ಲಿ ಮೈಸೂರು ಸರ್ಕಾರದ ದೊಡ್ಡ ಹುದ್ದೆಗೆ ರಾಜೀನಾಮೆ ಕೊಟ್ಟು 'ಜೀವನ' ಪತ್ರಿಕೆ ನಡೆಸಿದರು, ಆತ್ಮಕಥೆ 'ಭಾವ' ಬರೆದರು. ದೊಡ್ಡವರಿಗೆ ಪುಸ್ತಕ ಬರೆಯುವ ಅನುಕೂಲವಿತ್ತು. ಗುಮಾಸ್ತ, ಹಮಾಲ, ಫೀಲ್ಡ್ ಹುಡುಗ ಬಿಟ್ಟು ಬಂದರೆ ಅವರ ಅನುಭವ ಅವರ ಮನೆಯ ಪಡಸಾಲೆ ದಾಟುವುದಿಲ್ಲ.

ನಮ್ಮ ಕಡೆಯ ಅಂಗಡಿ, ಬ್ಯಾಂಕು, ಕಚೇರಿ ಎಲ್ಲಿ ಹೋದರೂ ಗೋಡೆಯ ಮೇಲೆ ಕಾಯಕದ ಹಿರಿಮೆ ಸಾರುವ ಫಲಕ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಧಣಿಯ ಕುರ್ಚಿಯ ಹಿಂದೆ, ನೌಕರರಿಗೆ ಕಾಣುವಂತೆ. ಆಳಂದಕ್ಕೆ ಬಸವಕಲ್ಯಾಣ ದೂರವೇನಲ್ಲ. ಅಲ್ಲಿನ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯನದೂ ಒಂದು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ, ಇಷ್ಟೇಕೆ, ಹೆಚ್ಚಿನದನ್ನು ಒಯ್ದು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಹೆಚ್ಚು ದುಡಿದು ಹೆಚ್ಚು ತಂದದ್ದೇ ಅಲ್ಲಿ ತಪ್ಪಾಯಿತು. ಟಾರ್ಗೆಟ್ ಇಟ್ಟುಕೊಂಡ ಯಾವ ಸಂಸ್ಥೆಯ ಗೋಡೆಯ ಮೇಲೂ ಲಕ್ಕಮ್ಮನ ಫಲಕ ನಾನು ಕಂಡಿಲ್ಲ. ಬಸವಣ್ಣನೂ ನೌಕರಿಯಲ್ಲಿದ್ದವನೇ. ಬಿಜ್ಜಳನ ಸೇವೆಯಲ್ಲಿದ್ದಾನೆ ಎಂಬ ಆಕ್ಷೇಪಕ್ಕೆ ವಚನಗಳಲ್ಲೇ ಉತ್ತರ ಕೊಟ್ಟವನು. ಆ ವಚನಗಳೂ ಫಲಕವಾಗಿಲ್ಲ.

ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿ ಹೇಳಿದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ನಡುವೆ 2024ರ ಜುಲೈಯಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಕರ್ನಾಟಕದಲ್ಲೇ ಎದ್ದು, ನೌಕರರ ಸಂಘ ಬೀದಿಗಿಳಿಯಿತು. ಅದೇ ವರ್ಷ ಪುಣೆಯಲ್ಲಿ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಸೇರಿ ಕೆಲವೇ ತಿಂಗಳಾಗಿದ್ದ 26ರ ಹರೆಯದ ಲೆಕ್ಕಪರಿಶೋಧಕಿ ತೀರಿಕೊಂಡಾಗ, ಕೆಲಸದ ಹೊರೆಯ ಬಗ್ಗೆ ಬರೆದವರು ಅವರ ತಾಯಿ. ಬಿಟ್ಟು ಬಂದು ಹೇಳಬೇಕಾದವಳಿಗೆ ಬಿಡುವ ಅವಕಾಶವೇ ಸಿಗಲಿಲ್ಲ.

ಕಿಣ್ಣಿ ಸುಲ್ತಾನದಿಂದ, ಸುತ್ತಲಿನ ಊರುಗಳಿಂದ ಈಗ ಮಕ್ಕಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಕಬ್ಬು ಕಡಿಯಲು ಮುಕಾದಮನ ಮುಂಗಡ ಹಿಡಿದು, ಕೆಲವರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು. ಯುಗಾದಿಗೋ ಎಳ್ಳಮಾವಾಸ್ಯೆಗೋ ಊರಿಗೆ ಬಂದಾಗ ಇವರನ್ನು ಊರು ಕೇಳುವುದು ಒಂದೇ ಪ್ರಶ್ನೆ: "ಪಗಾರ ಎಷ್ಟು?" ಉತ್ತರವೂ ಒಂದೇ, ಅದೂ ಸ್ವಲ್ಪ ಏರಿಸಿ ಹೇಳಿದ್ದು. ಅದನ್ನು ನಂಬಿ ಮುಂದಿನ ವರ್ಷ ಇನ್ನೊಬ್ಬ ಅದೇ ಬಸ್ಸು ಹತ್ತುತ್ತಾನೆ.

ಕೆಲಸ ಬಿಟ್ಟು ಬಂದವರಲ್ಲಿ ನನ್ನ ವಿನಂತಿ ಇಷ್ಟೆ. ಈ ಸಲ ಊರಿಗೆ ಬಂದಾಗ ಮನೆಯೊಳಗೆ ಕೂಡಬೇಡಿ, ಕಟ್ಟೆಗೆ ಬನ್ನಿ. ಪಗಾರದ ಜೊತೆ ಉಳಿದದ್ದನ್ನೂ ಹೇಳಿ. ರಜೆ ಕೇಳಿದರೆ ಏನೆನ್ನುತ್ತಾರೆ, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಬಿಟ್ಟ ಮೇಲೆ ಎಷ್ಟು ಸಲ ಫೋನು ಬರುತ್ತದೆ, ಜಡ್ಡಾದಾಗ ಯಾರು ದವಾಖಾನೆಗೆ ಒಯ್ದರು, ಹೆಣ್ಣುಮಕ್ಕಳ ಜೊತೆ ಹೆಂಗೆ ಮಾತಾಡುತ್ತಾರೆ, ಪಿಎಫ್ ಖರೆ ಕಟ್ಟಿದ್ದಾರೋ ಚೀಟಿಯಲ್ಲಷ್ಟೇ ಕಡಿದಿದ್ದಾರೋ. ಒಳ್ಳೆಯದಿದ್ದರೆ ಅದನ್ನೂ ಮುಚ್ಚಿಡಬೇಡಿ, ಆ ಮನೆಗೆ ಆಳು ಸಿಗಲಿ. ಬಿಡುವ ಯೋಚನೆಯಲ್ಲಿರುವವರಿಗೆ ಕೊನೆಯದಾಗಿ ಒಂದು ಕಾನೂನಿನ ಮಾತು: 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟು ಹೊರಬಂದವರಿಗೂ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು.